ಎರಡು ಊಟ ಸೇರಿ ಒಂದಾದ ಭಾನುವಾರ

ಕಾರ್ಪಿ, ಇಟಲಿ
ಮಾರ್ಚ್ 11, ಸೋಮವಾರ

ಪ್ರೀತಿಯ ಜೈರಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಪ್ರತಿ ಸಲವೂ ನಿನ್ನ ಅಕ್ಕ ಎತ್ತಿಕೊಂಡು, "ಅವಳು ಕೋಳಿಗೆ ಕಾಳು ಹಾಕ್ತಿದ್ದಾಳೆ" ಎನ್ನುತ್ತಾಳೆ. ಆ ಕೋಳಿಗಳು ಇಷ್ಟು ಹೊತ್ತಿಗೆ ಗೂಡಿನ ಬಾಗಿಲು ದಾಟಲಾರದಷ್ಟು ಕೊಬ್ಬಿರಬೇಕು. ಅದಕ್ಕೇ ಈ ಕಾಗದ. ಹರಿದು ಹಾಕುವುದಾದರೂ ಪೂರ್ತಿ ಓದಿ ಹರಿ.

ನೀನು ಲಟ್ಟಣಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಮ್ಮ ಹೋಟೆಲು ಬಿಟ್ಟು ಹೋದೆಯಲ್ಲ, ಅವತ್ತು ನನ್ನ ಮಗ ಮಿರ್ಕೊ ಆಡಿದ ಮಾತು ಸರಿ ಇರಲಿಲ್ಲ. "ಭಾನುವಾರ ಮೂರು ಗಂಟೆ ಕೂತು ಉಣ್ಣೋಕೆ ಈಗ ಯಾರಿಗೂ ಪುರುಸೊತ್ತಿಲ್ಲ ಚಿಕ್ಕಮ್ಮ. ಅಮೆರಿಕದೋರ ಥರ ತಿಂಡಿ, ಊಟ ಸೇರಿಸಿ ಬ್ರಂಚ್ ಮಾಡೋಣ. ಭಾನುವಾರ ನೀವು ಮನೇಲಿ ಆರಾಮಾಗಿರಿ" ಎಂದ. ಮಿರ್ಕೊಗೆ ಅದು ಉಪಕಾರದ ಮಾತು. ಅಮ್ಮನ ಗೆಳತಿಯಾದ ನಿನ್ನನ್ನು ಚಿಕ್ಕಮ್ಮ ಎಂದೇ ಕರೆದು, ನಿನ್ನ ಹಿಟ್ಟಿನಲ್ಲೇ ಆಡಿ ಬೆಳೆದವನು ನಿನಗೆ ಹಾಗೆ ಹೇಳಿಬಿಟ್ಟನಲ್ಲ ಎಂದು ನನಗೂ ಸಂಕಟವಾಯಿತು.

ನಿನ್ನೆ ಮೊದಲ ಬ್ರಂಚ್ ನಡೆಯಿತು. ಅದನ್ನು ನಿನಗೆ ಹೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ.

ಹತ್ತೂವರೆಗೆಲ್ಲ ಕುರ್ಚಿ ಸಾಲದಷ್ಟು ಜನ. ಔಷಧಿ ಅಂಗಡಿಯ ಬೆನಾತ್ತಿ ಮುದುಕ ಹೆಂಡತಿ, ಮಕ್ಕಳು, ಮೊಮ್ಮಕ್ಕಳ ಸಮೇತ ಬಂದಿದ್ದ. ಮೊಟ್ಟೆ, ಕರಿದ ಹಂದಿಮಾಂಸ, ಒಂದರ ಮೇಲೊಂದು ಪೇರಿಸಿದ ಪ್ಯಾನ್‌ಕೇಕ್, ಅದರ ಮೇಲೆ ಸುರಿದ ಸಿಹಿ ಪಾಕ, ತಂಬಿಗೆಯಷ್ಟು ದೊಡ್ಡ ಲೋಟದಲ್ಲಿ ನೀರು ನೀರಾದ ಕಾಫಿ. ಸುಳ್ಳೇಕೆ ಹೇಳಲಿ, ಎಲ್ಲರೂ ಚಪ್ಪರಿಸಿಕೊಂಡು ತಿಂದರು. ಬೆನಾತ್ತಿಯ ಮೊಮ್ಮಗಳಂತೂ ತಟ್ಟೆಯನ್ನು ಎಲ್ಲ ಕಡೆಯಿಂದ ತಿರುಗಿಸಿ ಫೋಟೋ ತೆಗೆದಳು. ಮಿರ್ಕೊನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಚರ್ಚಿನಲ್ಲಿ ಮಧ್ಯಾಹ್ನದ ಗಂಟೆ ಹೊಡೆಯಿತು. ಒಬ್ಬರೂ ಏಳಲಿಲ್ಲ. ಬ್ರೆಡ್ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾ, ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ ಕೂತರು. ಕೊನೆಗೆ ಬೆನಾತ್ತಿಯೇ ಮಿರ್ಕೊನನ್ನು ಕರೆದ. "ತಿಂಡಿ ಚೆನ್ನಾಗಿತ್ತು ಕಣಪ್ಪಾ. ಇನ್ನು ಊಟ ತಾ."

"ಇದೇ ಊಟ, ತಾತ. ಎರಡೂ ಸೇರಿ ಒಂದು."

"ಎರಡು ಸೇರಿ ಒಂದಾದ್ರೆ ನಮಗೆ ಒಂದು ಊಟ ಕಮ್ಮಿ ಆಯ್ತಲ್ಲೋ. ಇದ್ಯಾವ ಲೆಕ್ಕ?"

ನಮ್ಮ ಹುಡುಗ ಏನೇನೋ ವಿವರಿಸಲು ಹೋದ. ಫೋಟೋ ತೆಗೆದ ಹುಡುಗಿಯೇ ಅಡ್ಡ ಬಾಯಿ ಹಾಕಿ, "ಹಂಗಾದ್ರೆ ಜೈರಾ ಅಜ್ಜಿ ತೊರ್ತೆಲ್ಲಿನಿ ಇಲ್ವಾ? ನಾನು ಹೊಟ್ಟೇಲಿ ಜಾಗ ಬಿಟ್ಕೊಂಡಿದ್ದೆ" ಎಂದಳು. ಮಿರ್ಕೊ ಬಿಳಿಚಿಕೊಂಡು ಒಳಗೆ ಬಂದ. ಭಾನುವಾರವಲ್ಲವೇ, ಅಭ್ಯಾಸದಂತೆ ನಾನು ಬೆಳಗ್ಗೆಯೇ ಕೋಳಿ ಸಾರಿಗೆ ಇಟ್ಟುಬಿಟ್ಟಿದ್ದೆ. ಆದರೆ ಹೂರಣ ತುಂಬಿ ಪುಟ್ಟ ಪುಟ್ಟ ಕಡುಬಿನ ಹಾಗೆ ತೊರ್ತೆಲ್ಲಿನಿ ಮಡಚುವುದಕ್ಕೆ ಹೊತ್ತೂ ಇಲ್ಲ, ನನ್ನ ಕೈಗೆ ಅದು ಬರುವುದೂ ಇಲ್ಲ. ಹಿಟ್ಟು ಕಲಸಿ, ಲಟ್ಟಿಸಿ, ಎಳೆ ಎಳೆಯಾಗಿ ಕತ್ತರಿಸಿ ಸಾರಿಗೆ ಹಾಕಿದೆ. ಎಲ್ಲ ಸೇರಿ ಮುದ್ದೆಯಾಯಿತು. ಎಲ್ಲರೂ ತಲೆ ತಗ್ಗಿಸಿಕೊಂಡು ಉಂಡರು ಮಾರಾಯ್ತಿ. ಹೊರಡುವಾಗ ಬೆನಾತ್ತಿಯ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು, ಸಾವಿನ ಮನೆಗೆ ಬಂದವರ ಹಾಗೆ ಸಮಾಧಾನ ಹೇಳಿದಳು.

ಆದರೂ ಬರುವ ಭಾನುವಾರಕ್ಕೆ ಎಲ್ಲ ಮೇಜುಗಳನ್ನೂ ಕಾದಿರಿಸಿಯೇ ಹೋಗಿದ್ದಾರೆ. ಹತ್ತೂವರೆಗೆ ಪ್ಯಾನ್‌ಕೇಕ್ ಬೇಕಂತೆ, ಒಂದು ಗಂಟೆಗೆ ತೊರ್ತೆಲ್ಲಿನಿ ಬೇಕಂತೆ, ನಡುವೆ ಎದ್ದು ಹೋಗುವುದಿಲ್ಲವಂತೆ. "ಅಮೆರಿಕದೋರು ಬುದ್ಧಿವಂತರು. ಊಟಕ್ಕೆ ಮುಂಚೆ ಇನ್ನೊಂದು ಊಟ ಕಂಡುಹಿಡಿದಿದ್ದಾರೆ" ಎಂದು ಬೆನಾತ್ತಿ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಾನೆ.

ಈಗ ಹೇಳು, ನಾನು ಏನು ಮಾಡಲಿ? ನೀನು ಬಾರದಿದ್ದರೆ ಭಾನುವಾರದ ಬಾಗಿಲು ಹಾಕಬೇಕು, ನನ್ನ ಮುದ್ದೆ ತಿನ್ನಲು ಯಾರೂ ಎರಡನೆಯ ಸಲ ಬರುವುದಿಲ್ಲ. ಹೋಟೆಲಿನ ಮಾತು ಹಾಗಿರಲಿ. ಪಾತ್ರೆಯೆಲ್ಲ ತೊಳೆದಾದ ಮೇಲೆ ಎದುರು ಬದುರು ಕೂತು, ಒಂದು ಲೋಟ ವೈನ್ ಹಂಚಿಕೊಂಡು ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದೆವಲ್ಲ, ಅದಿಲ್ಲದೆ ನನಗೆ ದಿನ ಮುಗಿದ ಹಾಗೇ ಅನಿಸುವುದಿಲ್ಲ. ನಿನ್ನನ್ನು ಬಿಟ್ಟು ನನಗೆ ಆಗುವುದಿಲ್ಲ ಜೈರಾ. ಇದನ್ನು ಎಂದೋ ಬಾಯಿಬಿಟ್ಟು ಹೇಳಬೇಕಿತ್ತು.

ಮಿರ್ಕೊ ವಿಷಯ ನಾನೇನೂ ಬರೆಯುವುದಿಲ್ಲ. ಅವನ ಪರವಾಗಿ ವಕಾಲತ್ತು ಮಾಡಲು ಈ ಕಾಗದ ಬರೆಯುತ್ತಿಲ್ಲ.

ನಿನ್ನ ಮೇಲೆ ಸಿಟ್ಟೂ ಇರುವ, ಪ್ರೀತಿ ಅದಕ್ಕಿಂತ ಹೆಚ್ಚಿರುವ,
ಲೋರೆದಾನಾ

ತಾ.ಕ.: ಈ ಕಾಗದಕ್ಕೆ ಅಂಚೆಚೀಟಿ ಇಲ್ಲದ್ದನ್ನು ನೋಡಿರುತ್ತೀಯ. ನಿಮ್ಮ ಬೆಟ್ಟದ ಊರಿನ ತನಕ ಕಾರಿನಲ್ಲಿ ತಂದವನು ಮಿರ್ಕೊ. ನಿಮ್ಮ ಮನೆಯ ಅಂಚೆ ಪೆಟ್ಟಿಗೆಗೆ ಹಾಕಿ ವಾಪಸು ಬರುತ್ತೇನೆ ಎಂದಿದ್ದಾನೆ, ನನಗೆ ಗೊತ್ತು, ಬರುವುದಿಲ್ಲ. ಈಗ ನಿಮ್ಮ ಗೇಟಿನ ಆಚೆ ನಿಂತು ಕ್ಷಮೆ ಕೇಳುವುದನ್ನು ಬಾಯಿಪಾಠ ಮಾಡುತ್ತಿರುತ್ತಾನೆ. ನಿನ್ನೆ ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಹಾಕಿಕೊಂಡಿಲ್ಲ. ಬೈಯುವುದನ್ನೆಲ್ಲ ಬೈ, ಆದರೆ ಮೊದಲು ಒಳಗೆ ಕರೆದು ಕೂರಿಸಿ ಊಟ ಹಾಕು.