ಹೊತ್ತು ಮುಳುಗಿದ ಮೇಲಿನ ಗುಳಿಗೆ

ಜಿಲ್ಲೆಯ ಮಾನಸಿಕ ಆರೋಗ್ಯ ಶಿಬಿರಗಳ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನನ್ನ ಕಾಕು, ಅಂದರೆ ಚಿಕ್ಕಮ್ಮ, ಕಮಲಾಬಾಯಿಯವರ ಹೆಸರನ್ನು ಶಿಬಿರದಿಂದ ತೆಗೆದುಹಾಕಬೇಕು, ಮುಂದಿನ ತಿಂಗಳು ಪೊಲೀಸ್ ಜೀಪಿನಲ್ಲಿ ಅವರನ್ನು ದೂರದ ದೊಡ್ಡಾಸ್ಪತ್ರೆಗೆ ಸಾಗಿಸಬೇಕು ಎಂದು ತಮ್ಮ ಅಧೀನದ ಸಲಹಾ ಸಮಿತಿ ಠರಾವು ಪಾಸು ಮಾಡಿದೆ. ಕಾರಣ, 'ರೋಗಿ ಸಹಕರಿಸುತ್ತಿಲ್ಲ'. ಐದು ಜನ ಗಣ್ಯರು ಪ್ರವಾಸಿ ಮಂದಿರದಲ್ಲಿ ಕುಳಿತು, ಗೋಡಂಬಿ ಹಾಕಿದ ಶಿರಾ ತಿಂದು, ತಾವೆಂದೂ ಕಣ್ಣಿಂದ ನೋಡದ ಹೆಂಗಸೊಬ್ಬರ ಬಾಳನ್ನು ಹೀಗೆ ಇತ್ಯರ್ಥ ಮಾಡಿದ್ದಾರೆ. ಆ ಸಭೆ ನಡೆದ ಹೊತ್ತಿನಲ್ಲಿ ಕಾಕು ನಮ್ಮ ಅಂಗಳದಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದರು. ಈ ಪತ್ರವನ್ನು ತಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ. ಅಂಚೆಯಲ್ಲಿ ಕಳಿಸಿದ ಎರಡು ಪತ್ರಗಳನ್ನು ತಾವು ಒಳರೋಗಿಗಳಾಗಿ ಸೇರಿಸಿಕೊಂಡಿರಬೇಕು, ಇನ್ನೂ ಬಿಡುಗಡೆಯಾಗಿಲ್ಲ.

ಸಮಿತಿಯ ಹೆಸರು 'ಜನ ಸಹಭಾಗಿತ್ವ ಸಲಹಾ ಸಮಿತಿ'. ಈ ಜನರು ಯಾರು? ಒಬ್ಬರು ಕಂದಾಯ ಅಧಿಕಾರಿ, ಒಬ್ಬರು ಪೊಲೀಸ್ ಅಧಿಕಾರಿ, ಒಬ್ಬರು ಗುತ್ತಿಗೆದಾರರು, ಒಬ್ಬರು ಶಿಕ್ಷಣ ಸಂಸ್ಥೆಯ ಅಧ್ಯಕ್ಷರು, ಇನ್ನೊಬ್ಬರು ದವಾಖಾನೆಗೆ ಗೋಡೆ ಗಡಿಯಾರ ದಾನ ಕೊಟ್ಟವರು. ಗಡಿಯಾರ ನಿಂತಿದೆ, ಸದಸ್ಯತ್ವ ನಡೆದಿದೆ. ಇವರಲ್ಲಿ ಒಬ್ಬರ ಮನೆಯಲ್ಲೂ ಇಂಥ ರೋಗಿ ಇಲ್ಲ. ಇದ್ದರೆ ಇದ್ದಾರೆ ಎಂದು ಹೇಳುವ ಧೈರ್ಯವಿಲ್ಲ. ಹಾಗಾದರೆ ಸಹಭಾಗಿತ್ವ ಎಲ್ಲಿ ಬಂತು? ಬಂದಿದೆ. ಉದ್ಘಾಟನೆಯ ದಿನ ಪೆಂಡಾಲು ಹಾಕಿದವರು ನಾವು, ಕುರ್ಚಿ ಹೊತ್ತವರು ನಾವು, ತಮ್ಮ ಕೊರಳಿಗೆ ಹಾಕಿದ ಹಾರಕ್ಕೆ ವಂತಿಗೆ ಕೂಡಿಸಿದವರು ನಾವು. ತಾವು ಭಾಷಣದಲ್ಲಿ ನಮ್ಮ ಉತ್ಸಾಹವನ್ನು ಕೊಂಡಾಡಿದಿರಿ. ನಾವು ಚಪ್ಪಾಳೆಯಲ್ಲೂ ಭಾಗವಹಿಸಿದೆವು.

ಈ ಸೀಮೆಯ ಜನಕ್ಕೆ ಆಡಳಿತ ನಡೆಸಲು ಬರುವುದಿಲ್ಲ ಎಂದು ತಾವು ಭಾವಿಸಿದ್ದರೆ, ಒಮ್ಮೆ ನಮ್ಮ ಸಹಕಾರಿ ಸಂಘದ ವಾರ್ಷಿಕ ಸಭೆಗೆ ಬನ್ನಿ. ನಿಪ್ಪಾಣಿಯಿಂದ ಕಾಗವಾಡದವರೆಗೆ ಹಾಲಿಗೊಂದು ಸಂಘ, ಕಬ್ಬಿಗೊಂದು ಸಂಘ, ನೀರೆತ್ತುವ ಪಂಪಿಗೊಂದು ಸಂಘ. ಒಂದು ಎಮ್ಮೆ ಇದ್ದವನಿಗೂ ಮತವಿದೆ, ಮೈಕು ಕಸಿದುಕೊಂಡು ಅಧ್ಯಕ್ಷರನ್ನು ಪ್ರಶ್ನಿಸುವ ಗತ್ತೂ ಇದೆ. ಮಂಡಲ ಪಂಚಾಯ್ತಿ ಬಂದ ಮೇಲಂತೂ ಅಧಿಕಾರ ಜನರ ಮನೆಬಾಗಿಲಿಗೆ ಬಂದಿದೆ ಎಂದು ಸರ್ಕಾರವೇ ಸಾರುತ್ತಿದೆ. ಖರೆ. ದಾರಿ ತಪ್ಪಿದ ದನಗಳಿಗೆ ಕೊಂಡವಾಡ ಎಲ್ಲಿರಬೇಕೆಂದು ಈಗ ನಾವೇ ತೀರ್ಮಾನಿಸಬಹುದು. ದಾರಿ ತಪ್ಪಿದ ಮನುಷ್ಯರ ವಿಷಯ ಮಾತ್ರ ನಮ್ಮ ಬುದ್ಧಿಗೆ ನಿಲುಕದ್ದು! ಹಾರೂಗೇರಿ ಬಸ್ ನಿಲ್ದಾಣದಲ್ಲಿ ಕೊಂಡ ಒಂದು ಪುಸ್ತಿಕೆಯಲ್ಲಿ ಓದಿದೆ: ಹತ್ತು ವರ್ಷದ ಹಿಂದೆಯೇ ಜಗತ್ತಿನ ಸರ್ಕಾರಗಳು ಸೋವಿಯತ್ ದೇಶದ ಒಂದು ನಗರದಲ್ಲಿ ಕೂಡಿದ್ದವಂತೆ. ಆರೋಗ್ಯ ಸೇವೆಯನ್ನು ರೂಪಿಸುವುದರಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕು ಎಂದು ಅಲ್ಲಿ ಒಪ್ಪಿಕೊಂಡವಂತೆ. ಆ ಸುದ್ದಿ ಅಲ್ಲಿಂದ ಹೊರಟು ಪ್ರವಾಸಿ ಮಂದಿರ ತಲುಪಲು ಇನ್ನೆಷ್ಟು ಬಸ್ಸು ಬದಲಿಸಬೇಕು?

ಇನ್ನು ಕಾಕುವಿನ 'ಅಸಹಕಾರ'ದ ಕಥೆ. ಮೂರು ವರ್ಷದ ಹಿಂದೆ ಅವರಿಗೆ ಅಡುಗೆಮನೆಯ ಗೋಡೆ ಬೈಯಲು ಶುರುಮಾಡಿತು. ಮೊದಮೊದಲು ಅವರೂ ಗೋಡೆಗೆ ಉತ್ತರ ಕೊಡುತ್ತಿದ್ದರು. ಆಮೇಲೆ ಅಡುಗೆಮನೆಯನ್ನೇ ಬಿಟ್ಟರು, ಮಾತು ಬಿಟ್ಟರು, ಹಗಲಲ್ಲೇ ಕಬ್ಬಿನ ಹೊಲ ಹೊಕ್ಕು ಕೂಡತೊಡಗಿದರು. ಅವರ ಗಂಡ, ನನ್ನ ಪಾರಿಸ ಕಾಕಾ, ಹೆಸರು ಕೂಗುತ್ತ ಸಾಲು ಸಾಲು ಹುಡುಕುತ್ತಿದ್ದರು. ಈ ವರ್ಷ ಬೇಸಿಗೆಯಲ್ಲಿ ಅವರನ್ನು ತಮ್ಮ ಶಿಬಿರಕ್ಕೆ ಕರೆದೊಯ್ದೆವು. ವೈದ್ಯರು 'ರಾತ್ರಿ ಊಟವಾದ ಮೇಲೆ' ಎಂದು ಬರೆದು ಗುಳಿಗೆ ಕೊಟ್ಟರು. ಸುಳ್ಳು ಹೇಳುವುದಿಲ್ಲ, ಗುಳಿಗೆ ಕೆಲಸ ಮಾಡಿತು. ಒಂದು ಮುಂಜಾನೆ ಕಾಕು ತಾವಾಗಿಯೇ ಎದ್ದು ಒಲೆ ಹೊತ್ತಿಸಿ ರೊಟ್ಟಿ ಬಡಿದರು. ಕಾಕಾ ಒಂದು ತುತ್ತು ಬಾಯಿಗಿಟ್ಟು, "ಪಲ್ಲೇಕ ಉಪ್ಪ ಜಾಸ್ತಿ ಆಗೇತಿ" ಎಂದರು. "ಬ್ಯಾಡಾಗಿದ್ರ ಗಂಗಾಳ ಇತ್ತ ಕೊಡ್ರಿ" ಎಂದು ಒಳಗಿನಿಂದ ಉತ್ತರ ಬಂತು. ಆ ಒಂದು ಜಗಳ ಕೇಳಲು ಮನೆಮಂದಿಯೆಲ್ಲ ಮೂರು ವರ್ಷ ಕಾದಿದ್ದೆವು.

ಅಷ್ಟರಲ್ಲಿ ಚಾತುರ್ಮಾಸ ಬಂತು. ನಾವು ಜೈನರು. ಮಳೆಗಾಲದ ಈ ನಾಲ್ಕು ತಿಂಗಳು ಹೊತ್ತು ಮುಳುಗಿದ ಮೇಲೆ ಅನ್ನವಿರಲಿ, ನೀರನ್ನೂ ಮುಟ್ಟುವುದಿಲ್ಲ ಎಂದು ನಮ್ಮ ಹೆಣ್ಣುಮಕ್ಕಳು ಬಸದಿಯಲ್ಲಿ ನೇಮ ಹಿಡಿಯುತ್ತಾರೆ. ಕಾಯಿಲೆ ಬಿದ್ದ ಮೇಲೆ ಕಾಕುವಿಗೆ ಅದರ ನೆನಪೇ ಹೋಗಿತ್ತು. ಈ ವರ್ಷ ತಾವಾಗಿಯೇ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಮುನಿಗಳ ಮುಂದೆ ನೇಮ ಹಿಡಿದು ಬಂದರು. ಕಾಕು ಗುಣವಾದರು ಎನ್ನಲು ನಮಗೆ ಇದಕ್ಕಿಂತ ದೊಡ್ಡ ಗುರುತು ಬೇಕಿರಲಿಲ್ಲ. ಆದರೆ ಗುಣವಾದ ಆ ಗುರುತೇ ಗುಳಿಗೆಯನ್ನು ನಿಲ್ಲಿಸಿತು. ಗುಳಿಗೆ ರಾತ್ರಿ ಊಟದ ಮೇಲೆ. ಮನೆಯಲ್ಲಿ ರಾತ್ರಿ ಊಟವೇ ಇಲ್ಲ. ಕೆಲವು ವಾರಗಳಲ್ಲಿ ಗೋಡೆ ಮತ್ತೆ ಬೈಯತೊಡಗಿತು. ಮುಂದಿನ ಶಿಬಿರದಲ್ಲಿ, ಕಾಕಾ ಹೊರಗೆ ಔಷಧದ ಪಾಳಿಯ ಸಾಲಿನಲ್ಲಿ ನಿಂತಿದ್ದಾಗ, ವೈದ್ಯರು ಕಾಕುವನ್ನು ಒಬ್ಬರನ್ನೇ ಒಳಗೆ ಕರೆದು ಕೇಳಿದರು: "ಗುಳಿಗೆ ಸರಿಯಾಗಿ ತಗೊಳ್ತಿದೀರಾ?"

"ಇಲ್ರಿ."

"ಯಾಕೆ?"

"ಚಾತುರ್ಮಾಸ ಐತಿ ಅಲ್ರೀ, ಸಾಹೇಬ್ರ."

ವೈದ್ಯರು 'ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ' ಎಂದು ಬರೆದುಕೊಂಡರು. ಅದರ ಮರುತಿಂಗಳೂ ಅದೇ ಪ್ರಶ್ನೆ, ಅದೇ ಉತ್ತರ. ಆಗ 'ಸಹಕರಿಸುತ್ತಿಲ್ಲ' ಎಂಬುದೂ ಸೇರಿತು. ಮಾನ್ಯರೇ, ತಮ್ಮ ಶಿಬಿರದಲ್ಲಿ ಅಷ್ಟು ನೇರವಾದ ಉತ್ತರವನ್ನು ಅಂದು ಬೇರಾರೂ ಕೊಟ್ಟಿರಲಾರರು. ಅದು ಹುಚ್ಚಿನ ಲಕ್ಷಣವಾಗಿ ದಾಖಲಾಯಿತು.

ಇದರ ಗಂಟು ಬಿಚ್ಚಿದ್ದು ನಮ್ಮ ಅಂಗಳದಲ್ಲಿ. ನೆರೆಮನೆಯ ಶಿವಗಂಗವ್ವ ಮಜ್ಜಿಗೆ ಕೇಳಲು ಬಂದಿದ್ದರು. ಅವರ ತಮ್ಮ ಲಗಮಣ್ಣನೂ ಅದೇ ಶಿಬಿರದ ರೋಗಿ. ಕಾಕು ಮೂಲೆಯಲ್ಲಿ ಮುದುಡಿ ಕೂತದ್ದನ್ನು ಕಂಡು, "ಗುಳಿಗಿ ಬಿಡಿಸಿ ಕುಂತೀರೇನ್ರೀ ಅಣ್ಣಾರ?" ಎಂದು ಕಾಕಾನನ್ನು ಕೇಳಿದರು.

"ರಾತ್ರಿ ಉಂಡ ಮ್ಯಾಗ ನುಂಗಬೇಕಂತ ಹೇಳ್ಯಾರವ್ವ. ಈಗ ರಾತ್ರಿ ಊಟಾನ ಇಲ್ಲ, ಗುಳಿಗಿ ಎಲ್ಲಿ ನುಂಗತಾಳ?"

"ಹಂಗಾರ ಸಂಜಿಮುಂದ ಉಂಡಿಂದ ಕೊಡ್ರಿ."

"ಬರದದ್ದ ರಾತ್ರಿ ಅಂತೈತಿ. ಹೊತ್ತ ಇರೂತ್ಲೆ ಕೊಟ್ಟು ಏನರೆ ಆದ್ರ?"

"ಆ ಗುಳಿಗೀಗೇನ ಕಣ್ಣ ಅದಾವನ್ರಿ, ಹೊತ್ತ ಮುಳಗೇತೋ ಇಲ್ಲೋ ಹಣಿಕಿ ಹಾಕಿ ನೋಡಾಕ?"

ಮರುದಿನವೇ ಬೆಳಗಾವಿಗೆ ಬಸ್ ಹಿಡಿದು ವೈದ್ಯರನ್ನು ಕಂಡೆ. ಕೆಟ್ಟವರಲ್ಲ, ದಣಿದವರು. ತಾವು ಬರೆದದ್ದನ್ನು ತಾವೇ ಓದಿ ತಲೆ ಹಿಡಿದುಕೊಂಡರು. "ಸಂಜೆ ಐದಕ್ಕೆ ಕೊಡ್ರಪ್ಪ, ಏನೂ ಆಗಲ್ಲ. ಇದನ್ನ ಮೊದಲೇ ಯಾರಾದರೂ ನನಗೆ ಹೇಳಬಾರದಿತ್ತೇ?" ಎಂದರು. "ಹೇಳಿದ್ದರು ಸರ್, ತಾವು ಬರೆದುಕೊಂಡೂ ಇದ್ದೀರಿ" ಎಂದೆ. ಅಂದಿನಿಂದ ಕಾಕು ಹಗಲಿರುವಾಗಲೇ ಉಂಡು ಗುಳಿಗೆ ನುಂಗುತ್ತಿದ್ದಾರೆ. ನೇಮವೂ ಮುರಿದಿಲ್ಲ, ಗೋಡೆಯೂ ಸುಮ್ಮನಾಗುತ್ತಿದೆ. ಆದರೆ ವೈದ್ಯರ ಹಳೆಯ ಷರಾ ಆಗಲೇ ಸಮಿತಿಯ ಕೈಸೇರಿತ್ತು. ಸಮಿತಿ ಅದರ ಮೇಲೆಯೇ ಠರಾವು ಮಾಡಿತು. ವೈದ್ಯರ ಮಾತಿಗೂ ಅದು ಬಗ್ಗಲಿಲ್ಲ. ಕೊನೆಗೆ ಸಮಿತಿಯ ಅಧ್ಯಕ್ಷರ ಮನೆಗೆ ಹೋದೆ.

"ನೀ ಸಮಿತಿ ಮೆಂಬರ ಏನ?"

"ಅಲ್ರಿ."

"ಮತ್ತ ಠರಾವಿನ ಮ್ಯಾಲ ಹೆಂಗ ಮಾತಾಡ್ತೀಲೇ?"

"ಮೆಂಬರ ಆಗೂದ ಹೆಂಗ್ರಿ?"

"ಅದಕ್ಕ ಸಮಿತಿ ಠರಾವ ಮಾಡಬೇಕ."

ಇಂಥ ಸಮಿತಿಗೆ ನಮ್ಮ ವಿಷಯ ಎಷ್ಟು ತಿಳಿದಿದೆ ಎನ್ನಲು ಇನ್ನೊಂದು ಮಾತು. ಹೋದ ವರ್ಷ ದೀಪಾವಳಿಯಿಂದ ಶಿವರಾತ್ರಿವರೆಗೆ ಶಿಬಿರಕ್ಕೆ ಬರುವವರು ಅರ್ಧಕ್ಕಿಳಿದರು. ರೋಗ ಕಡಿಮೆಯಾಗಿದೆ ಎಂದು ಸಮಿತಿ ಸಂತೋಷ ವ್ಯಕ್ತಪಡಿಸಿ ತಮ್ಮನ್ನು ಅಭಿನಂದಿಸಿತು. ಅದು ಕಬ್ಬು ಕಡಿಯುವ ಹಂಗಾಮು, ಮಾನ್ಯರೇ. ರೋಗಿಗಳೂ ಅವರನ್ನು ಕರೆತರುವವರೂ ಕುಡುಗೋಲು ಹಿಡಿದು ಹೊಲದಲ್ಲಿದ್ದರು. ಹಂಗಾಮಿನಲ್ಲಿ ಶಿಬಿರವನ್ನು ಸಂಜೆಗೆ ಇಡಿ ಎಂದು ಯಾರು ಬೇಕಾದರೂ ಹೇಳುತ್ತಿದ್ದರು. ಕೇಳುವವರು ಇರಲಿಲ್ಲ. ಸಕ್ಕರೆ ಕಾರ್ಖಾನೆಯ ಭೋಂಗಾದ ಕೂಗು ಹುಚ್ಚು ಬಿಡಿಸುತ್ತದೆ ಎಂದು ತಾವು ನಂಬಿದ್ದರೆ, ಅದನ್ನೇ ಔಷಧದ ಪಟ್ಟಿಗೆ ಸೇರಿಸಿಬಿಡಿ, ಖರ್ಚು ಉಳಿದೀತು.

ಈಗ ನನ್ನ ಒತ್ತಾಯ. ಕಾಕುವಿನ ಮೇಲಿನ ಠರಾವನ್ನು ಮುಂದಿನ ಶಿಬಿರದೊಳಗೆ ರದ್ದು ಮಾಡಿ. ಹೆಸರು ತೆಗೆದದ್ದರಿಂದ ಅವರಿಗೆ ಈಗ ಔಷಧ ಸಿಗುತ್ತಿಲ್ಲ. 'ಸಹಕರಿಸದೆ' ಉಳಿಸಿದ ಎರಡು ತಿಂಗಳ ಗುಳಿಗೆಗಳೇ ಅವರನ್ನು ಇಷ್ಟು ದಿನ ಕಾಪಾಡಿವೆ, ಅವೂ ಮುಗಿಯುತ್ತ ಬಂದಿವೆ. ಅವು ಮುಗಿದ ಮೇಲೆ ಗೋಡೆ ಮಾತಾಡಿದರೆ, ಆಗ ತಮ್ಮ ಠರಾವೇ ಸರಿ ಎಂದು ಸಾಬೀತಾಗುತ್ತದೆ. ಅದಕ್ಕೇ ಕಾಯುತ್ತಿದ್ದೀರಾ? ಸಮಿತಿಯ ಅರ್ಧದಷ್ಟು ಸ್ಥಾನ ರೋಗಿಗಳಿಗೂ ಅವರ ಮನೆಯವರಿಗೂ ಇರಲಿ, ಅವರನ್ನು ಶಿಬಿರಕ್ಕೆ ಬರುವವರೇ ಕೈಯೆತ್ತಿ ಆರಿಸಲಿ. ಸಭೆ ಪ್ರವಾಸಿ ಮಂದಿರದಲ್ಲಿ ಬೇಡ, ದವಾಖಾನೆಯ ಅಂಗಳದಲ್ಲಿ ಎಲ್ಲರ ಎದುರಿಗೆ ನಡೆಯಲಿ. ನನ್ನ ಮಟ್ಟಿಗೆ ಮೊದಲ ಹೆಸರು ಕಮಲಾಬಾಯಿಯವರದ್ದು.

ಇದನ್ನು ಬರೆಯುವ ಮುನ್ನ ಅವರ ಒಪ್ಪಿಗೆ ಕೇಳಿದೆ. "ನನಗ ಹುಚ್ಚಿ ಅಂತಾರಲೋ, ಜಯಪಾಲ. ಅಲ್ಲಿ ಕುಂದರಿಸಿಗೊಂತಾರೇನ?" ಎಂದರು.

"ಕುಂದರಿಸಿಗೊಂಡ್ರ ಮೊದಲ ಏನ ಹೇಳ್ತಿ, ಕಾಕು?"

"ಪಾಳೇದಾಗ ನಿಂತಾವರಿಗೆ ಒಂದ ಕೊಡ ಕುಡಿಯೂ ನೀರ ಇಡ್ರಿ ಅಂತೀನಿ. ಆ ಗುಳಿಗಿ ತಗೊಂಡ್ರ ಬಾಯಿ ಭಾಳ ಒಣಗತೈತಿ."

ಇಂತಿ,
ಯಾವ ಸಮಿತಿಯಲ್ಲೂ ಇಲ್ಲದ, ಎಲ್ಲ ಪಾಳಿಯಲ್ಲೂ ನಿಂತಿರುವ
ಜಯಪಾಲ