ಚಿಪ್ಪಿನ ಊರಿನಲ್ಲಿ ಅತ್ತೆ

ಬೆಸ್ಟ್, ನೆದರ್‌ಲ್ಯಾಂಡ್ಸ್
13 ಮೇ 2013

ವಿಜಯೇಂದ್ರ,

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಅವ್ವ ಆರಾಮವಾಗಿದ್ದಾರೆ. ಈಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾರೆ. ಆ ಸದ್ದಿಗೆ ಕೆಳಗಿನ ಮನೆಯ ಡಚ್ ಅಜ್ಜಿ ಇನ್ನೇನು ಬಂದು ಬಾಗಿಲು ತಟ್ಟಬಹುದು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರಿಗೆ ಮೂರನೇ ಮಾತಿಗೆ ಜಗಳ ಹತ್ತಿಕೊಳ್ಳುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಪೂರ್ತಿ ಓದು.

ನೀನು ರಾಟರ್‌ಡ್ಯಾಮಿನಲ್ಲಿ ಬೇರೆ ಮನೆ ಮಾಡಿ ಎಂಟು ತಿಂಗಳಾಯಿತು. ಅವ್ವನಿಗೆ ಗೊತ್ತಾಗಬಾರದು, ಅವರು ಊರಿಂದ ಬಂದು ಇಲ್ಲಿರುವಷ್ಟು ದಿನ ಗಂಡಹೆಂಡತಿಯಂತೆ ಇದ್ದುಬಿಡೋಣ ಎಂದವನು ನೀನೇ. ವಾರವೆಲ್ಲ ಬಂದರಿನಲ್ಲಿ ಕೆಲಸ ಎಂದು ನೆಪ, ಶನಿವಾರ ಬಂದು ಸೋಫಾದ ಮೇಲೆ ಕೂರುವುದು, ಭಾನುವಾರ ಸಂಜೆಯ ರೈಲಿಗೆ ಮಾಯ. ನಾನೂ ಹೂಂ ಅಂದೆ. ನಿನ್ನ ಮರ್ಯಾದೆ ಉಳಿಸಲು ಒಪ್ಪಿದೆ ಎಂದುಕೊಂಡಿದ್ದರೆ ಅದನ್ನು ತಲೆಯಿಂದ ತೆಗೆದುಹಾಕು ಮಾರಾಯ. ತಾಯಿಯಿಲ್ಲದೆ ಬೆಳೆದವಳು ನಾನು. ಮದುವೆಯಾಗಿ ನಿಮ್ಮ ಬೈಲಹೊಂಗಲಕ್ಕೆ ಬಂದ ಮೇಲೆ ನನ್ನ ತಲೆ ಬಾಚಿ, ಈ ಬೆಂಗಳೂರಿನ ಹುಡುಗಿಗೆ ಖಾರ ತಿನ್ನಲು ಕಲಿಸಿ, ಜ್ವರ ಬಂದಾಗ ಪಕ್ಕದಲ್ಲೇ ಮಲಗಿದವರು ಅವರು. ನೀನು ಹೋದ ಮೇಲೆ ಅವರೂ ನನ್ನವರಾಗಿ ಉಳಿಯುವುದಿಲ್ಲ ಎಂದು ಹೆದರಿದ್ದೆ. ಆ ಹೆದರಿಕೆಗೇ ಸುಳ್ಳು ಹೇಳಿದೆ.

ಯೇಸು ಸ್ವರ್ಗಕ್ಕೇರಿದ ಹೆಮೆಲ್‌ಫಾರ್ಟ್ ಹಬ್ಬದ ರಜೆಗೂ ನಿನಗೆ ‘ಕೆಲಸ’ ಬಂತಲ್ಲ, ಆಗ ಮನೆಯಲ್ಲಿ ಕೂತರೆ ಇನ್ನಷ್ಟು ಸುಳ್ಳು ಕಟ್ಟಬೇಕಾಗುತ್ತದೆ ಎಂದು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಫ್ರಾನ್ಸಿಗೆ ಹೊರಟೆ. ವೆಝಲೇ ಎಂಬ ಪುಟ್ಟ ಊರು. ಗುಡ್ಡದ ಮೇಲೆ ಹಳೆಯ ಕೋಟೆಗೋಡೆ, ನೆತ್ತಿಯಲ್ಲಿ ದೊಡ್ಡ ಚರ್ಚು. ಎಲ್ಲಿ ನೋಡಿದರೂ ಊರಿನ ಗುರುತು ಒಂದೇ, ಬೀಸಣಿಗೆಯಂಥ ಕಡಲಚಿಪ್ಪು. ಬೀದಿಯ ಕಲ್ಲುಗಳ ನಡುವೆ ಹಿತ್ತಾಳೆಯ ಚಿಪ್ಪು, ಅಂಗಡಿಯ ಬಾಗಿಲಲ್ಲಿ ಚಿಪ್ಪು, ಕೋಲು ಹಿಡಿದು ನಡೆಯುವವರ ಬೆನ್ನಚೀಲದಲ್ಲೂ ಚಿಪ್ಪು. ಸಮುದ್ರವೇ ಇಲ್ಲದ ಊರಲ್ಲಿ ಇದೇನು ಎಂದು ಅತ್ತೆ ಕೇಳಿದರು. ಸ್ಪೇನಿನಲ್ಲಿ ಒಬ್ಬ ಸಂತನ ಸಮಾಧಿಯಿದೆ, ಜನ ಇಲ್ಲಿಂದ ತಿಂಗಳುಗಟ್ಟಲೆ ನಡೆದು ಅಲ್ಲಿಗೆ ಹೋಗುತ್ತಾರೆ, ಚಿಪ್ಪು ಅವರ ಗುರುತು ಎಂದೆ.

“ಹಂಗಂದ್ರ ಗದ್ದಗಿಗೆ ಹೊಂಟೋರು! ನಮ್ಮ ಶ್ರೀಶೈಲದ ಪಾದಯಾತ್ರಿಯೋರಂಗ!” ಎಂದು ಅವರ ಮುಖ ಅರಳಿತು. ಯುಗಾದಿಗೆ ಮುಂಚೆ ಪಾದಯಾತ್ರಿಗಳು ಬರುವ ದಿನ ನಿಮ್ಮ ಮನೆಯ ಕಟ್ಟೆಯ ಮೇಲೆ ಮಜ್ಜಿಗೆ ಹಂಡೆ ಇಟ್ಟುಕೊಂಡು ಅವರು ಕೂರುವುದು ನಿನಗೆ ಗೊತ್ತೇ ಇದೆ.

ಅಷ್ಟರಲ್ಲಿ ನಿನ್ನ ಫೋನ್ ಬಂತು. ಅವರಿಗೆ ಕೇಳಿಸದಿರಲಿ ಎಂದು ಒಂದು ಬೆಂಚಿನ ಮೇಲೆ ಕೂರಿಸಿ ನಾನು ಗಲ್ಲಿಯೊಳಗೆ ಹೋದೆ. ಮುಂದಿನ ಶನಿವಾರ ಬರಲಾಗುವುದಿಲ್ಲ, ಏನಾದರೂ ಹೇಳಿ ಸಂಭಾಳಿಸು ಎಂದೆ ನೀನು. ನಾನೆಷ್ಟು ಕಿರುಚಿದೆ ಎಂದು ನಿನ್ನ ಕಿವಿಗೇ ಗೊತ್ತು. ವಾಪಸು ಬಂದು ನೋಡಿದರೆ ಬೆಂಚು ಖಾಲಿ.

ವಿಜಯೇಂದ್ರ, ‘ಅತ್ತೆ, ಅತ್ತೆ’ ಎಂದು ಬೀದಿಯ ಎರಡೂ ಕಡೆ ಕೂಗಿದೆ. ಅವರ ಫೋನು ಬೆಸ್ಟಿನ ಮನೆಯಲ್ಲಿ ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿದಿತ್ತು. ಭಾಷೆ ಬಾರದು, ನಾವು ಇಳಿದುಕೊಂಡ ಜಾಗದ ಹೆಸರೂ ಗೊತ್ತಿಲ್ಲ. ಚಿಪ್ಪುಗಳೆಲ್ಲ ಚರ್ಚಿನತ್ತ ಹೋಗುತ್ತವೆ, ಅವರೂ ಅತ್ತಲೇ ಹೋಗಿರಬೇಕು ಎಂದು ಏದುಸಿರು ಬಿಡುತ್ತ ಮೇಲಕ್ಕೆ ಓಡಿದೆ. ಕಂಬಗಳ ಹಿಂದೆಲ್ಲ ಹುಡುಕಿದೆ. ಕಂಡಕಂಡವರ ಎದುರು ಸೀರೆಯ ಸೆರಗು ಹೊದೆಯುವಂತೆ ಕೈ ಆಡಿಸಿ ಕೇಳಿದೆ. ಕೋಟೆಗೋಡೆಯ ಆಚೆ ಇಣುಕಲು ಧೈರ್ಯವಾಗಲಿಲ್ಲ. ನಿನ್ನನ್ನೂ ಬೈದೆ, ನನ್ನನ್ನೂ ಬೈದುಕೊಂಡೆ, ಬಸವಣ್ಣನಿಗೆ ಹರಕೆ ಹೊತ್ತೆ. ಕಡೆಗೆ ಒಬ್ಬ ಹೋಟೆಲಿನವನು ನಕ್ಕು, ನನ್ನಂತೆಯೇ ತಲೆಯ ಮೇಲೆ ಸೆರಗೆಳೆದು ತೋರಿಸಿ, ಇಳಿಜಾರಿನತ್ತ ಬೆರಳು ಮಾಡಿದ.

ಊರಿನ ಹಳೆಯ ಕಲ್ಲುಬಾಗಿಲ ಆಚೆ, ಮರದ ಕೆಳಗೆ ಸಿಕ್ಕರು! ಇಳಕಲ್ ಸೀರೆಯ ಮೇಲೆ ನೇರಳೆ ಸ್ವೆಟರು, ಸುತ್ತ ಐದಾರು ಜನ ಚಿಪ್ಪಿನವರು. ಎಲ್ಲರ ಕೈಯಲ್ಲೂ ಅತ್ತೆ ಬುತ್ತಿ ಕಟ್ಟಿ ತಂದಿದ್ದ ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಒಬ್ಬ ದಪ್ಪನೆಯ ಜರ್ಮನ್ ಹೆಂಗಸಿನ ಬೊಕ್ಕೆಯೆದ್ದ ಪಾದ ಅವರ ತೊಡೆಯ ಮೇಲಿತ್ತು, ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ಆಕೆಯ ಕಣ್ಣಲ್ಲಿ ನೀರು. ಚಟ್ನಿಯ ಖಾರಕ್ಕೇ ಇರಬೇಕು.

“ಎಲ್ಲಿ ಹೋಗಿದ್ರಿ ಅತ್ತೆ? ನನ್ನ ಜೀವಾನೇ ಹೋಯ್ತು!” ಎಂದು ಕೂಗಿ, ಅಷ್ಟು ಜನರೆದುರು ಹೋ ಎಂದು ಅತ್ತುಬಿಟ್ಟೆ.

“ಯಾಕ ಅಳ್ತಿ ಯವ್ವಾ? ನಡಕೊಂಡು ಹೋಗೋರನ್ನ ಊರ ಅಗಸಿ ದಾಟಿಸಿ ಕಳಸಬೇಕಲ್ಲ. ಕುಂತಲ್ಲೇ ಕೈ ಬೀಸಿದ್ರ ಆಕ್ಕೈತೇನು?”

ನಾನು ಚರ್ಚಿಗೆ ಹೋಗುವವರ ಹಿಂದೆ ಹುಡುಕಿದ್ದೆ. ಅವರು ಊರು ಬಿಟ್ಟು ಹೊರಟವರನ್ನು ಬೀಳ್ಕೊಡಲು ಬಂದಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಚಿಪ್ಪಿನವರು ಕೈಮುಗಿದು ಹೊರಟ ಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ನೇರವಾಗಿ ಕೇಳಿದರು. “ಫೋನು ವಿಜ್ಯಾಂದ ಹೌದಲ್ಲ? ನೀವು ಬ್ಯಾರೆ ಆಗೀರಿ, ಹೌದಿಲ್ಲೋ?”

ನಿಮಗೆ ಹೇಗೆ ಗೊತ್ತಾಯಿತು ಎಂದೆ.

“ಮೊದಲನೇ ಶನಿವಾರನ ತಿಳೀತು. ಸೋಫಾದ ಅಂಚಿನ್ಯಾಗ ಬೀಗರ ಮನಿಗೆ ಬಂದಂಗ ಕುಂತಿದ್ದ. ನೀ ಚಹಾ ಕೊಟ್ಟಿ, ಥ್ಯಾಂಕ್ಸ್ ಅಂದ. ಹುಟ್ಟಿದಾಗಿಂದ ನನ್ನ ಕೈಲೆ ಚಹಾ ಕುಡದಾನ ಭಾಡ್ಯಾ, ಒಂದಿನ ಅಂದಿಲ್ಲ.”

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದರೆ, “ಇಬ್ಬರೂ ಅಷ್ಟು ತ್ರಾಸ ತಗೊಂಡು ನಾಟಕ ಮಾಡಾಕತ್ತಿದ್ರಿ. ನಡುವ ಎದ್ದು ಹೋಗೂದು ಚಂದಲ್ಲ ಅಂತ ಕುಂತಿದ್ದೆ” ಎಂದರು.

ಆಗ ಎಂಟು ತಿಂಗಳಿಂದ ಹೊಟ್ಟೆಯಲ್ಲಿ ಕೂತಿದ್ದ ಮಾತು ಹೊರಬಿತ್ತು. “ಇನ್ನು ಮೇಲೆ ನೀವು ನನಗೇನಾಗ್ಬೇಕು ಅತ್ತೆ?” ಎಂದೆ.

ಸಿಟ್ಟು ಬಂತು ಅವರಿಗೆ. “ಅಂವ ಬಿಟ್ಟ ಅಂತ ನಾ ಯಾಕ ಬಿಡ್ಲಿ? ಅಂವನ್ನ ಕೇಳಿ ನಿನಗ ಮಗಳು ಅಂದಿದ್ನೇನು ನಾ?” ಎಂದು ಗದರಿ, ಸೆರಗಿನಿಂದ ನನ್ನ ಮೂಗು ಒರೆಸಿದರು. ತಪ್ಪು ಯಾರದು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ, ಅದನ್ನು ನಂಬು.

ಆ ರಾತ್ರಿ ಹೊಟ್ಟೆತುಂಬ ಉಂಡು ಸತ್ತ ಹೆಣದಂತೆ ನಿದ್ದೆ ಮಾಡಿದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಇಬ್ಬರೂ ಹಾಡಿಕೊಂಡು ಬಂದೆವು. ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದಂತಿದೆ.

ಜೂನ್ ಮುಗಿಯುವ ತನಕ ಅವರು ಇಲ್ಲೇ ಇರುತ್ತಾರೆ. ನಿನಗೆ ಹೀಗೆ ಬರೆ ಎಂದಿದ್ದಾರೆ: “ಐತವಾರ ಬಾ. ಸುಳ್ಳು ಹೇಳಾಕ ಬರಬ್ಯಾಡ, ಊಟಕ್ಕ ಬಾ.” ಭಾನುವಾರ ಬೈಗುಳ ಇದ್ದೇ ಇದೆ, ತಲೆ ತಗ್ಗಿಸಿ ಬೈಸಿಕೋ. ಎಣಗಾಯಿ ಮಾಡಿಸಿರುತ್ತೇನೆ.

ಇನ್ನು ನಾಟಕವಿಲ್ಲದ,
ವೈಶಾಲಿ

ತಾ.ಕ.: ನೀನು ಕಳಿಸಿದ್ದ ವಿಚ್ಛೇದನದ ಕಾಗದಗಳಿಗೆ ಸಹಿ ಹಾಕಿ ಇದೇ ಲಕೋಟೆಯಲ್ಲಿಟ್ಟಿದ್ದೇನೆ. ನಾನು ಇಷ್ಟು ದಿನ ಸತಾಯಿಸಿದ್ದಕ್ಕೆ, ‘ಇವಳಿಗೆ ಇನ್ನೂ ನನ್ನ ಮೇಲೆ ಆಸೆಯಿದೆ’ ಎಂದು ಸ್ನೇಹಿತರ ಮುಂದೆ ಹೇಳಿಕೊಂಡೆಯಂತೆ. ಸಹಿ ಹಾಕಿದರೆ ನಿನ್ನ ಅವ್ವ ನನ್ನ ಕೈತಪ್ಪಿ ಹೋಗುತ್ತಾರೆ ಎಂದು ತಡೆದಿದ್ದೆ, ಅಷ್ಟೇ. ಇವತ್ತು ಬೆಳಿಗ್ಗೆ ಪೆನ್ನು ಹುಡುಕಿಕೊಟ್ಟವರು ಅವರೇ.