ಇಬ್ಬರ ಆಟ

ಕವನಾ ಮಾರಾಯ್ತಿ,

ಪಕ್ಕದ ಮನೆಯಿಂದ ಮದುವೆಯಾಗಿ ಭದ್ರಾವತಿ ಸೇರಿದ ನಿನಗೆ ಈ ಪತ್ರ ತಲುಪೋದಿಲ್ಲ, ಅಂಚೆ ಡಬ್ಬಿಗೆ ಹಾಕಿದರೆ ತಾನೇ!

ಇವತ್ತು ಅಟ್ಟದಿಂದ ವಿಡಿಯೋ ಗೇಮ್ ಇಳಿಸಿದೆ. ಕ್ಯಾಸೆಟ್ಟಿಗೆ ಉಫ್ ಅಂತ ಊದಿ, ನಮ್ಮ ಟ್ಯಾಂಕ್ ಆಟ ಹಾಕಿ, ಅಭ್ಯಾಸಬಲದಿಂದ ‘ಇಬ್ಬರು’ ಅಂತ ಒತ್ತಿಬಿಟ್ಟೆ. ನಿನ್ನ ಹಸಿರು ಟ್ಯಾಂಕ್ ಆಡಿಸುವವರಿಲ್ಲದೆ ಸುಮ್ಮನೆ ನಿಂತಿತು. ನೀನು ಸುಮ್ಮನಿದ್ದದ್ದನ್ನು ಮೊದಲ ಸಲ ನೋಡಿದೆ! ಶತ್ರುಗಳು ಅದರತ್ತ ನುಗ್ಗಿದರು. ಕೋಟೆಯ ಹದ್ದನ್ನು ಕಾಯಬೇಕಾದ ನಾನು ಹದ್ದು ಮೀರಿ ಓಡಿ, ನಿನ್ನ ಟ್ಯಾಂಕಿಗೇ ಕಾವಲು ನಿಂತೆ. ಅಷ್ಟರಲ್ಲಿ ಶತ್ರುಗಳ ಗುಂಡಿಗೆ ಹದ್ದು ಹೋಯಿತು, ಆಟ ಮುಗಿಯಿತು. ನಿನ್ನ ಟ್ಯಾಂಕಿಗೆ ಒಂದು ಗುಂಡೂ ತಗಲಿರಲಿಲ್ಲ.

“ಆ ಅಲ್ಲಾಡದ ಟ್ಯಾಂಕ್ ಯಾರದ್ದೋ?” ಅಮ್ಮ ಕೇಳಿದಳು.

“ಯಾರದ್ದೂ ಅಲ್ಲಮ್ಮ, ಮರೆತು ಇಬ್ಬರ ಆಟ ಒತ್ತಿದ್ದೆ.”

ಅಮ್ಮ ಒಳಗೆ ಹೋದಮೇಲೆ ಮತ್ತೆ ಶುರು ಮಾಡಿದೆ. ಈ ಸಲ ಮರೆಯದೆ ‘ಇಬ್ಬರು’ ಅಂತಲೇ ಒತ್ತಿದೆ.